ಮೂರನೇ ಪ್ಯಾರಾ ಮತ್ತೆ ಬರೆಯಿರಿ

ನಮಸ್ಕಾರ.

ಸ್ವೀಡನ್ನಿನ 'ದಿ ಗರ್ಲ್ ಹೂ ಪ್ಲೇಡ್ ವಿತ್ ಫೈರ್' ಚಿತ್ರದ ಬಗ್ಗೆ ನೀವು ಕಳಿಸಿದ ವಿಮರ್ಶೆ ಓದಿದೆ. ಭಾಷೆ ಸಲೀಸಾಗಿದೆ, ನೂಮಿ ರಪಾಸ್ ಅಭಿನಯವನ್ನು ಗಮನಿಸಿ ಬರೆದಿದ್ದೀರಿ. ಆದರೆ ಮೂರನೇ ಪ್ಯಾರಾಕ್ಕೆ ಬಂದಾಗ ನನಗೆ ಸಿಟ್ಟು ಬಂತು. ಅದಿರುವ ತನಕ ಇದನ್ನು ಹಾಕಲಾರೆ.

"ನಾಯಕ-ನಾಯಕಿಯರ ಕೆಮಿಸ್ಟ್ರಿ ಈ ಸಲ ಕೆಲಸ ಮಾಡಿಲ್ಲ" ಎಂದಿದ್ದೀರಿ. ಹ್ಯಾಕರ್ ಲಿಸ್ಬೆತ್ (ರಪಾಸ್ ಮಾಡಿದ ಪಾತ್ರ) ಮತ್ತು ಪತ್ರಕರ್ತ ಬ್ಲೂಮ್‌ಕ್ವಿಸ್ಟ್ ಇದರಲ್ಲಿ ಕೊನೆಯವರೆಗೂ ಮುಖಾಮುಖಿಯಾಗುವುದೇ ಇಲ್ಲ! ಇನ್ನೊಬ್ಬ ಪತ್ರಕರ್ತ ಮತ್ತು ಅವನ ಸಂಗಾತಿ ಕೊಲೆಯಾಗುತ್ತಾರೆ, ಪಿಸ್ತೂಲಿನ ಮೇಲೆ ಲಿಸ್ಬೆತ್‌ಳ ಬೆರಳಚ್ಚು ಸಿಗುತ್ತದೆ, ಅವಳು ತಲೆಮರೆಸಿಕೊಳ್ಳುತ್ತಾಳೆ. ಬ್ಲೂಮ್‌ಕ್ವಿಸ್ಟ್ ಪತ್ರಿಕೆಯ ಕಡೆಯಿಂದ ಸತ್ಯ ಹುಡುಕುತ್ತಾನೆ, ಅವಳು ತನ್ನದೇ ದಾರಿಯಲ್ಲಿ. ನಡುವೆ ಓಡಾಡುವುದು ಕಂಪ್ಯೂಟರಿನಲ್ಲಿ ಬಿಟ್ಟ ಕೆಲವು ಸಾಲು ಮಾತ್ರ. ಸ್ಟೀಗ್ ಲಾರ್ಸನ್ನರ 2006ರ ಕಾದಂಬರಿಯೂ ಹೀಗೇ ಕಟ್ಟಿದ್ದು. ಎರಡು ಎಳೆಗಳಲ್ಲಿ ಯಾವುದು ಎಲ್ಲಿ ಸಡಿಲವಾಯಿತು ಎಂದು ಕೇಳಿದ್ದರೆ ಅದು ವಿಮರ್ಶೆಯಾಗುತ್ತಿತ್ತು.

ಮುಂದಿನ ಸಾಲು: "ಮೊದಲ ಚಿತ್ರದಲ್ಲಿ ಗೆದ್ದ ನಿರ್ದೇಶಕರು ಇಲ್ಲಿ ಎಡವಿದ್ದಾರೆ." ಸರಣಿಯ ಮೊದಲನೆಯದು, 'ದಿ ಗರ್ಲ್ ವಿತ್ ದಿ ಡ್ರ್ಯಾಗನ್ ಟ್ಯಾಟೂ', ನೀಲ್ಸ್ ಆರ್ಡೆನ್ ಓಪ್ಲೆವ್ ಅವರದು, ಇದು ದಾನಿಯೆಲ್ ಆಲ್ಫ್ರೆಡ್‌ಸನ್ ಅವರದು. ಎರಡೂ ತೆರೆಕಂಡದ್ದು 2009ರಲ್ಲೇ, ಅದಕ್ಕೇ ಗೊಂದಲವಾಗಿರಬೇಕು. ಎರಡು, ಮೂರನೇ ಭಾಗಗಳನ್ನು ಮೊದಲು ಟಿವಿಗೆಂದು ಯೋಚಿಸಿದ್ದರು. ಮೊದಲ ಚಿತ್ರ ಓಡಿದ ಮೇಲೆ ಅವೂ ಥಿಯೇಟರಿಗೆ ಬಂದವು. ಆಮೇಲೆ ಬಂದ ಟಿವಿ ಆವೃತ್ತಿಯಲ್ಲಿ ಒಂದೊಂದು ಚಿತ್ರಕ್ಕೂ ಸುಮಾರು 90 ನಿಮಿಷದ ಎರಡೆರಡು ಕಂತುಗಳಿವೆ. ಥಿಯೇಟರಿನದು 129 ನಿಮಿಷ. ನೀವು "ಅವಸರ" ಎಂದಿರುವುದರ ಮೂಲ ಆ ಸುಮಾರು 50 ನಿಮಿಷಗಳ ಅಂತರದಲ್ಲಿ ಇರಬಹುದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಯಾವ ನಿಮಿಷದಲ್ಲಿ ಯಾವ ದೃಶ್ಯ ಹೋಗಿದೆ ಎಂದು ಗುರುತು ಮಾಡಿಕೊಳ್ಳಿ.

"ಕಾದಂಬರಿಯ ಆತ್ಮ ಕಳೆದುಹೋಗಿದೆ." ನಾನು ಡೆಸ್ಕಿಗೆ ಹೊಸಬನಾಗಿದ್ದಾಗ ಹಿರಿಯರು ಇಂಥ ಸಾಲಿನ ಪಕ್ಕ 'ಯಾವ ದೃಶ್ಯ?' ಎಂದು ನನ್ನಿಂದಲೇ ಬರೆಸುತ್ತಿದ್ದರು. ಉತ್ತರ ಸಿಗದಿದ್ದರೆ ಸಾಲು ಹೊಡೆದುಹಾಕಬೇಕಿತ್ತು. ನಿಮಗೆ ಉತ್ತರವಿದೆ. ಪುಸ್ತಕದ ಆರಂಭದಲ್ಲಿ ಗ್ರೆನಡಾ ದ್ವೀಪದ ಚಂಡಮಾರುತವಿದೆ, ಗಣಿತಜ್ಞ ಫರ್ಮಾ ಬಿಟ್ಟುಹೋದ ಪ್ರಮೇಯಕ್ಕೆ ತಲೆಕೊಡುವ ಲಿಸ್ಬೆತ್ ಇದ್ದಾಳೆ. ಚಿತ್ರದಲ್ಲಿ ಇವೆರಡೂ ಇಲ್ಲ. ಒಂಟಿಯಾಗಿ ಕೂತು ಲೆಕ್ಕ ಬಿಡಿಸುವ ಆ ಹೆಣ್ಣು ಇಲ್ಲದ್ದರಿಂದ ತೆರೆಯ ಮೇಲೆ ಅವಳ ಸಿಟ್ಟೇ ಮುಂದಾಗುತ್ತದೆ. ಹೀಗೆ ಬರೆದರೆ ಓದುಗ ನಿಮ್ಮ ಜೊತೆ ಜಗಳವನ್ನಾದರೂ ಆಡಬಹುದು.

"ಫೈಟ್ ಸಪ್ಪೆ" ಎಂಬ ಎರಡು ಪದ ಸಾಲದು. ಹೊಡೆಯುವವನು ಪಾವ್ಲೊ ರಾಬರ್ಟೊ, ಸ್ವೀಡನ್ನಿನ ನಿಜವಾದ ಬಾಕ್ಸರ್, ತನ್ನದೇ ಪಾತ್ರದಲ್ಲಿ. ಎದುರಿರುವ ಖಳರ ಕಡೆಯ ದೈತ್ಯ ನೀಡರ್‌ಮನ್‌ಗೆ ಹುಟ್ಟಿನಿಂದಲೇ ನೋವು ತಿಳಿಯದು. ಪಂಚ್ ಸರಿಯಾದ ಜಾಗಕ್ಕೇ ಬೀಳುತ್ತದೆ, ಅವನು ಜಗ್ಗುವುದಿಲ್ಲ. ಹೊಡೆದವನ ನಂಬಿಕೆಯೇ ಅಲ್ಲಾಡಿಹೋಗುವ ದೃಶ್ಯ ಅದು. ಅದು ತೆರೆಯ ಮೇಲೆ ಕಂಡಿತೋ ಇಲ್ಲವೋ, ಅದನ್ನು ಬರೆಯಿರಿ.

ಉಳಿದದ್ದನ್ನು ಮುಟ್ಟಬೇಡಿ. ಈ ಪ್ಯಾರಾ ಎರಡು ಪುಟವಾದರೂ ಪರವಾಗಿಲ್ಲ, ಜಾಗ ಮಾಡಿಕೊಡುತ್ತೇನೆ.