ಲೈನ್ ಮನೆಯವರಿಗೆ ಮಾತ್ರ ಟೆಸ್ಟ್ ಯಾಕೆ ರೈಟ್ರೇ?

ಪ್ರಶ್ನೆ: ನಾನು ಕೊಡಗಿನ ಸಿದ್ದಾಪುರದ ಹತ್ರ ಒಂದು ಕಾಫಿ ಎಸ್ಟೇಟಲ್ಲಿ ರೈಟರ್, ಅಂದ್ರೆ ಲೆಕ್ಕ ಬರೆಯೋನು. ರೊಬಸ್ಟಾ ಕುಯ್ಲಿಗೆ ಈ ಸಲ ಅಸ್ಸಾಂ ಕಡೆಯವರು ತುಂಬಾ ಬಂದಿದಾರೆ. ಅವರೆಲ್ಲ ಎಚ್‌ಐವಿ ಟೆಸ್ಟ್ ಮಾಡ್ಸಿ ರಿಪೋರ್ಟ್ ಕೊಟ್ಮೇಲೇ ಕೆಲಸ ಅಂತಿದಾರೆ ಸಾವ್ಕಾರ್ರು. ಲೈನ್ ಮನೆಲಿ (ಕೆಲಸದವರ ಸಾಲು ಮನೆ) ಎಲ್ರಿಗೂ ಒಂದೇ ಬಚ್ಚಲು, ಅದಕ್ಕೂ ಭಯ. ಏನ್ ಮಾಡೋದು?
– ಹೆಸರು ಬೇಡ

ಉತ್ತರ: ಆ ಥರ ಕೇಳೋ ಹಾಗೇ ಇಲ್ಲ ರೈಟ್ರೇ. 2017ರ ಎಚ್‌ಐವಿ ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಲಿದೆ, ಕೆಲಸಕ್ಕೆ ಸೇರ್ಸೋಕೆ ಈ ಟೆಸ್ಟ್ ಷರತ್ತು ಹಾಕಂಗಿಲ್ಲ, ಒಪ್ಪಿಗೆ ಇಲ್ದೆ ಮಾಡ್ಸಂಗೂ ಇಲ್ಲ. ಬಚ್ಚಲು, ತಟ್ಟೆ, ಕಂಬಳಿ, ಸೊಳ್ಳೆ ಇದ್ಯಾವುದರಿಂದಲೂ ಬರಲ್ಲ. ಕಾಂಡೋಮ್ ಇಲ್ದ ಸಂಪರ್ಕ, ಒಬ್ರು ಚುಚ್ಚಿದ ಸೂಜಿ ಇನ್ನೊಬ್ರಿಗೆ, ಪರೀಕ್ಷೆ ಮಾಡದ ರಕ್ತ, ತಾಯಿಯಿಂದ ಮಗುಗೆ, ದಾರಿ ಇಷ್ಟೇ.

ಹಾಗಂತ ಟೆಸ್ಟೇ ಬೇಡ ಅಂತಿಲ್ಲ, ಬೇಕು, ಆದ್ರೆ ಲೈನ್ ಮನೆ ಮುಂದೆ ಮಾತ್ರ ಟೇಬಲ್ ಹಾಕಿದ್ರೆ ಕಳ್ಳರನ್ನ ಹಿಡಿಯೋಕೆ ಬಂದಿದಾರೆ ಅನ್ಕೊಂಡು ಅರ್ಧ ಜನ ರಾತ್ರೋರಾತ್ರಿ ಜಾಗ ಖಾಲಿ ಮಾಡ್ತಾರೆ, ಆಮೇಲೆ ಕಾಫಿ ಕುಯ್ಯೋಕೆ ಜನ ಹುಡ್ಕಿ. (ವಾರ ವಾರ ಬೆಂಗ್ಳೂರಿಗೆ ಹೋಗ್ಬರೋ ನಮ್ಮೋರನ್ನ ಯಾರಾದ್ರೂ ರಿಪೋರ್ಟ್ ಕೇಳ್ತಾರಾ?) ಹತ್ತಿರದ ಸರ್ಕಾರಿ ಆಸ್ಪತ್ರೆಲಿ ಕೇಳ್ಕೊಂಡು ಬಟವಾಡೆ ದಿನ ಕಣದಲ್ಲೇ ಒಂದು ಕ್ಯಾಂಪ್ ಮಾಡ್ಸಿ, ಬಿಪಿ ಶುಗರ್ ಜೊತೆಗೇ ಇದೂ ಇರ್ಲಿ. ಮೊದಲು ಸಾವ್ಕಾರ್ರು, ಆಮೇಲೆ ನೀವು, ಮೇಸ್ತ್ರಿ, ಜೀಪ್ ಡ್ರೈವರ್ ಬೆರಳು ಕೊಡಿ. ಅವರ ಭಾಷೆ ಬರೋರು ಒಬ್ರು ಇರ್ಬೇಕು, ಕೌನ್ಸೆಲರ್ ಒಬ್ಬೊಬ್ರ ಹತ್ರ ಬೇರೆಯಾಗೇ ಮಾತಾಡ್ಬೇಕು. ರಿಸಲ್ಟು ಆಯಾ ಮನುಷ್ಯನಿಗೆ ಮಾತ್ರ, ನಿಮ್ಮ ಹಾಜರಿ ಬರೆಯೋ ಚೆಕ್‌ರೋಲ್ ಪುಸ್ತಕಕ್ಕಲ್ಲ.

ಕ್ಯಾಂಪಲ್ಲಿ ಸಂಶಯ ಬಂತು ಅಂದ್ರೆ ಕಾಯಿಲೆ ಇದೆ ಅಂತ ಅಲ್ಲ, ಐಸಿಟಿಸಿ ಕೇಂದ್ರದಲ್ಲಿ (ಸರ್ಕಾರದ ಎಚ್‌ಐವಿ ಸಲಹೆ, ಪರೀಕ್ಷೆ ಕೇಂದ್ರ) ಬೇರೆ ಬೇರೆ ಮೂರು ಕಿಟ್‌ನಲ್ಲಿ ನೋಡಿದ್ಮೇಲೇ ಪಾಸಿಟಿವ್ ಅನ್ನೋದು. ಅಲ್ಲಿ ಟೆಸ್ಟ್ ಫ್ರೀ, 2004ರಿಂದ ಎಚ್‌ಐವಿ ಹತೋಟಿಲಿಡೋ ಎಆರ್‌ಟಿ ಮಾತ್ರೆನೂ ಸರ್ಕಾರದಿಂದ ಫ್ರೀ. ದಿನಾ ಮಾತ್ರೆ ತಗೊಂಡು ರಕ್ತದಲ್ಲಿ ವೈರಸ್ ಪತ್ತೆಗೇ ಸಿಗದಷ್ಟು ಕಮ್ಮಿ ಆಗಿ ಹಾಗೇ ಉಳಿದ್ರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ರಿಗೆ ಹರಡಲ್ಲ. ಕುಯ್ಲು ಮುಗಿದು ಊರಿಗೆ ಹೋಗೋರು ಮಾತ್ರೆ ಮಧ್ಯೆ ಬಿಡ್ತಾರೆ, ಅದೇ ದೊಡ್ಡ ತಲೆನೋವು. ಹೊರಡೋ ಮುಂಚೆನೇ ಎಆರ್‌ಟಿ ಸೆಂಟರಲ್ಲಿ ಹೇಳಿದ್ರೆ ಅವರೂರಿನ ಸೆಂಟರಿಗೆ ಟ್ರಾನ್ಸ್‌ಫರ್ ಮಾಡ್ಕೊಡ್ತಾರೆ, ಇದನ್ನ ಕ್ಯಾಂಪಲ್ಲೇ ಎಲ್ರಿಗೂ ಹೇಳ್ಸಿ. ಗುಟ್ಟಾಗಿ ಏನಾದ್ರೂ ಕೇಳ್ಬೇಕಾದ್ರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡ್ಲಿ, ದುಡ್ಡು ಹೋಗಲ್ಲ.

ಪ್ರಶ್ನೆ: ಕಾಂಡೋಮ್ ಇಲ್ದೆ ಒಂದ್ಸಲ ಸೇರಿ, ಹತ್ತನೇ ದಿನ ಟೆಸ್ಟ್ ಮಾಡ್ಸಿದೆ, ನೆಗೆಟಿವ್ ಬಂತು. ಇನ್ನು ಟೆನ್ಷನ್ ಬೇಡ್ವಾ?
– ವಿರಾಜಪೇಟೆಯ ಓದುಗ, 22

ಉತ್ತರ: ಈಗಲೇ ಹೇಳೋಕಾಗಲ್ಲ ತಮ್ಮಾ. ಹತ್ತು ದಿನಕ್ಕೆ ಟೆಸ್ಟಲ್ಲಿ ಕಾಣ್ಸದೇ ಇರಬಹುದು, ಮೂರು ತಿಂಗಳು ತುಂಬಿದ್ಮೇಲೆ ಇನ್ನೊಮ್ಮೆ ಮಾಡ್ಸಿ. ಇಂಥದ್ದಾದ 72 ಗಂಟೆ ಒಳಗೆ ಆಸ್ಪತ್ರೆಗೆ ಹೋಗಿದ್ರೆ ಸೋಂಕು ತಗಲದ ಹಾಗೆ ತಡೆಯೋ 28 ದಿನದ ಪೆಪ್ ಮಾತ್ರೆ ಕೊಡ್ತಿದ್ರು, ಈಗ ಆ ಟೈಮ್ ದಾಟಿದೆ, ಫ್ರೆಂಡ್ಸಿಗಾದ್ರೂ ಹೇಳಿಡಿ. ಎರಡನೇ ರಿಸಲ್ಟ್ ಬರೋತನಕ ಕಾಂಡೋಮ್ ಬಿಡ್ಬೇಡಿ, ಕಾಲೇಜಿನ ರಕ್ತದಾನ ಶಿಬಿರಕ್ಕೂ ಹೋಗ್ಬೇಡಿ.