ಸೊಳ್ಳೆ ಕಚ್ಚಿದ ತುರಿಕೆಗೆ ಮನೆಯಲ್ಲೇ ಏನು ಮಾಡಬಹುದು?

ಐದು ವರ್ಷದ ಮಗಳ ಕಾಲಿಗೆಲ್ಲ ಸೊಳ್ಳೆ ಕಚ್ಚಿದೆ, ರಾತ್ರಿಯೆಲ್ಲ ಕೆರೆದುಕೊಳ್ಳುತ್ತಾಳೆ, ಮನೆಯಲ್ಲಿ ಮುಲಾಮಿಲ್ಲ, ಟೂತ್‌ಪೇಸ್ಟ್ ಹಚ್ಚಲೇ ಎಂದು ಕೇಳಿದ್ದೀರಿ. ಟೂತ್‌ಪೇಸ್ಟ್ ಬೇಡ. ತಣ್ಣಗೆ ಅನಿಸುತ್ತದೆ ನಿಜ, ಆದರೆ ಕೆರೆದು ಗಾಯವಾದ ಕಡೆ ಉರಿ ಜಾಸ್ತಿಯಾಗುತ್ತದೆ.

ಮೊದಲು ಸೋಪು ನೀರಿನಲ್ಲಿ ತೊಳೆಯಿರಿ. ಆಮೇಲೆ ಐಸನ್ನು ತೆಳು ಬಟ್ಟೆಯಲ್ಲಿ ಸುತ್ತಿ 10 ನಿಮಿಷ ಇಡಿ. ಐಸನ್ನು ನೇರವಾಗಿ ಚರ್ಮಕ್ಕೆ ತಾಗಿಸಬೇಡಿ. ಸೊಳ್ಳೆಯ ಜೊಲ್ಲು ಒಳಗೆ ಹೋದಾಗ ನಮ್ಮ ದೇಹ ಹಿಸ್ಟಮಿನ್ ಎಂಬ ರಾಸಾಯನಿಕ ಬಿಡುತ್ತದೆ, ಊತ ತುರಿಕೆ ಎಲ್ಲ ಅದರಿಂದಲೇ. ತಂಪು ಆ ಊತವನ್ನೂ ಇಳಿಸುತ್ತದೆ, ತುರಿಕೆಯನ್ನೂ ಮಂಕಾಗಿಸುತ್ತದೆ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಮಲಗುವ ಮುಂಚೆ ತಪ್ಪದೆ ಮಾಡಿ, ಆಗಲೇ ಅಲ್ವಾ ತುರಿಕೆ ಹೆಚ್ಚು ಕಾಡುವುದು.

ಸಾಲದಿದ್ದರೆ ಒಂದು ಚಮಚ ಅಡುಗೆ ಸೋಡಾಕ್ಕೆ ಕಲಸಲು ಬೇಕಾದಷ್ಟೇ ನೀರು ಹಾಕಿ, ಗಟ್ಟಿಯಾಗಿ ಕಲಸಿ ಹಚ್ಚಿ. 10 ನಿಮಿಷ ಬಿಟ್ಟು ತೊಳೆಯಿರಿ. ಚರ್ಮ ಕಿತ್ತಿದ್ದರೆ ಇದು ಬೇಡ. ನಿಂಬೆರಸ, ವಿನೆಗರ್ ಕೂಡ ಬೇಡ, ಪಾಪ, ಸುಮ್ನೆ ಉರಿಯುತ್ತದೆ.

ಇವತ್ತೇ ಅವಳ ಉಗುರು ಕತ್ತರಿಸಿ. ಕೆರೆದ ಗಾಯ ಕೀವಾಗುವುದೇ ದೊಡ್ಡ ತಲೆನೋವು. ಕೆಂಪು ಹರಡುತ್ತಿದ್ದರೆ, ಮುಟ್ಟಿದರೆ ಬಿಸಿ ಇದ್ದರೆ ಅಥವಾ ಜ್ವರ ಬಂದರೆ ಡಾಕ್ಟರಿಗೆ ತೋರಿಸಿ. ತುಟಿ, ಮುಖ ಊದಿದರೆ, ಉಸಿರಾಡಲು ಕಷ್ಟವಾದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.