ಓದುಗರ ಪ್ರಶ್ನೆ, ನಮ್ಮ ಉತ್ತರ: ಫೋನಿಗೆ ಬಂದ ಬ್ಲ್ಯಾಕ್ ಟಿಕೆಟ್

ಪ್ರಶ್ನೆ: ವಿದೇಶಿ ತಂಡವೊಂದರ ಸಂಗೀತ ಕಾರ್ಯಕ್ರಮದ ಟಿಕೆಟ್‌ಗಾಗಿ ನನ್ನ ಮಗಳು ಗೆಳತಿಯರೊಂದಿಗೆ ಮೂರು ಫೋನು ಹಿಡಿದು ಕುಳಿತಿದ್ದಳು. ಸರತಿಯಲ್ಲಿ ಅವಳ ಸಂಖ್ಯೆ ಆರು ಲಕ್ಷದ ಮೇಲಿತ್ತು. ಅವಳ ಸರದಿ ಬರುವ ಮೊದಲೇ ಟಿಕೆಟ್ ಮುಗಿದವು. ಆದರೆ ಬೇರೊಂದು ಜಾಲತಾಣದಲ್ಲಿ ಅವೇ ಟಿಕೆಟ್‌ಗಳು ಹತ್ತು ಪಟ್ಟು ಬೆಲೆಗೆ ಕಾಣಿಸಿಕೊಂಡವು. ಇದು ಹೇಗೆ ಸಾಧ್ಯ? – ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಮಗಳ ಅನುಭವಕ್ಕೆ ಅತಿ ಹತ್ತಿರದ ನಿದರ್ಶನವೆಂದರೆ ಕೋಲ್ಡ್‌ಪ್ಲೇ ತಂಡದ ಮುಂಬೈ ಕಾರ್ಯಕ್ರಮ. 2024ರ ಸೆಪ್ಟೆಂಬರ್ 22ರಂದು ಬುಕ್‌ಮೈಶೋದಲ್ಲಿ ಟಿಕೆಟ್ ಮಾರಾಟ ಆರಂಭವಾದಾಗ 1.3 ಕೋಟಿಗೂ ಹೆಚ್ಚು ಮಂದಿ ಲಾಗಿನ್ ಆಗಿದ್ದರೆಂದು ಆ ಸಂಸ್ಥೆಯೇ ಹೇಳಿಕೊಂಡಿತು. ನವಿ ಮುಂಬೈಯ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಮೂರು ದಿನ ಕಾರ್ಯಕ್ರಮ ನಡೆದರೂ ಒಟ್ಟು ಜಾಗ ಎರಡು ಲಕ್ಷದೊಳಗೇ. ಅಂದರೆ ದಲ್ಲಾಳಿ ಒಬ್ಬನೂ ಇರದಿದ್ದರೂ ಕಾದು ಕುಳಿತ ಅರವತ್ತೈದು ಜನರಲ್ಲಿ ಒಬ್ಬರಿಗೆ ಟಿಕೆಟ್ ಸಿಕ್ಕರೆ ಅದೇ ಹೆಚ್ಚು. ಅಷ್ಟಕ್ಕೆ ಅಭಿಮಾನಿಗಳು ನೊಂದುಕೊಳ್ಳುತ್ತಿದ್ದರೇ ಹೊರತು ಕೆರಳುತ್ತಿರಲಿಲ್ಲ. 2,500ರಿಂದ 35,000 ರೂಪಾಯಿವರೆಗೆ ನಿಗದಿಯಾಗಿದ್ದ ಟಿಕೆಟ್‌ಗಳು ವಯಾಗೋಗೋದಂಥ ಮರುಮಾರಾಟ ತಾಣಗಳಲ್ಲಿ ಲಕ್ಷಗಳ ಲೆಕ್ಕದಲ್ಲಿ ಕಾಣಿಸಿಕೊಂಡದ್ದೇ ಅವರನ್ನು ಕೆರಳಿಸಿತು. ಆ ತಾಣಗಳಿಗೂ ತನಗೂ ಸಂಬಂಧವಿಲ್ಲವೆಂದ ಬುಕ್‌ಮೈಶೋ, ಪೊಲೀಸರಿಗೆ ದೂರು ನೀಡಿತು.

ಟಿಕೆಟ್‌ಗಳು ಅಲ್ಲಿಗೆ ಹೋಗುವ ದಾರಿ ಒಂದೇ ಅಲ್ಲ. ಹತ್ತಾರು ಖಾತೆ, ಹತ್ತಾರು ಫೋನ್ ಸಂಖ್ಯೆ ಇಟ್ಟುಕೊಂಡು ಒಬ್ಬನೇ ಹಲವರಂತೆ ಸರತಿಯಲ್ಲಿ ನಿಲ್ಲುವುದು ಹಳೆಯ ಉಪಾಯ. ಮನುಷ್ಯ ಒಂದು ಅರ್ಜಿ ತುಂಬುವಷ್ಟರಲ್ಲಿ ನೂರು ಅರ್ಜಿ ತುಂಬುವ ‘ಬಾಟ್’ ತಂತ್ರಾಂಶ ಅದರ ಮುಂದುವರಿಕೆ. ಇವೆರಡಕ್ಕಿಂತ ನನಗೆ ವಿಚಿತ್ರವೆನಿಸುವುದು ಮೂರನೆಯದು. ಕೈಯಲ್ಲಿ ಟಿಕೆಟ್ಟೇ ಇಲ್ಲದವನು ಮೊದಲು ಜಾಹೀರಾತು ಹಾಕಿ, ದುಬಾರಿ ಬೆಲೆಗೆ ಗಿರಾಕಿಯನ್ನು ಹಿಡಿದು, ಆಮೇಲೆ ಅಗ್ಗದ ಟಿಕೆಟ್ ಹುಡುಕಲು ಹೊರಡುತ್ತಾನೆ. ಸಿಕ್ಕರೆ ಲಾಭ, ಸಿಗದಿದ್ದರೆ ಗಿರಾಕಿಯ ಪಾಡು ಗಿರಾಕಿಗೆ. ನಿಮ್ಮ ಮಗಳು ಕಂಡ ಹತ್ತು ಪಟ್ಟು ಬೆಲೆಯ ಟಿಕೆಟ್‌ಗಳಲ್ಲಿ ಎಷ್ಟೋ ಆ ಹೊತ್ತಿನಲ್ಲಿ ಇನ್ನೂ ಹುಟ್ಟಿಯೇ ಇರಲಿಲ್ಲ ಎಂದರೂ ತಪ್ಪಾಗಲಾರದು.

ಪ್ರಶ್ನೆ: ಐದು ಸಾವಿರದ ಟಿಕೆಟ್ಟಿಗೆ ಐವತ್ತು ಸಾವಿರ ಕೊಡುವವನಿದ್ದರೆ ಅದರ ನಿಜವಾದ ಬೆಲೆ ಐವತ್ತು ಸಾವಿರವೇ ಅಲ್ಲವೇ? ನಿವೇಶನವನ್ನೋ ಚಿನ್ನವನ್ನೋ ಲಾಭಕ್ಕೆ ಮಾರಿದರೆ ತಪ್ಪಿಲ್ಲ, ಟಿಕೆಟ್ ಮಾರಿದರೆ ಮಾತ್ರ ತಪ್ಪೇಕೆ? – ಅರ್ಥಶಾಸ್ತ್ರದ ವಿದ್ಯಾರ್ಥಿ, ಮೈಸೂರು

ಉತ್ತರ: ನಿಮ್ಮ ವಾದದಲ್ಲಿ ಅರ್ಧ ಸತ್ಯವಿದೆ. ಬೇಡಿಕೆಗೆ ಹೋಲಿಸಿದರೆ ಟಿಕೆಟ್ ಬೆಲೆ ಕಡಿಮೆ ಇದೆ, ಆ ಅಂತರವೇ ಕಾಳಸಂತೆಗೆ ಅನ್ನ ಹಾಕುತ್ತಿದೆ. ಆದರೆ ಆ ಅಂತರವನ್ನು ಅನೇಕ ಕಲಾವಿದರು ಬೇಕೆಂದೇ ಇಟ್ಟಿರುತ್ತಾರೆ ಎಂಬುದನ್ನು ನೀವು ಲೆಕ್ಕಕ್ಕೆ ಹಿಡಿದಿಲ್ಲ. 2023ರ ಅಮೆರಿಕ ಪ್ರವಾಸಕ್ಕೆ ಬ್ರಿಟನ್ನಿನ ‘ದಿ ಕ್ಯೂರ್’ ತಂಡ ಕೆಲವೆಡೆ 20 ಡಾಲರಿಗೇ ಟಿಕೆಟ್ ಇಟ್ಟು, ಸಾಧ್ಯವಿದ್ದ ಕಡೆಗಳಲ್ಲೆಲ್ಲ ಅವನ್ನು ಬೇರೆಯವರಿಗೆ ವರ್ಗಾಯಿಸದಂತೆ ಕಟ್ಟುಪಾಡು ಹಾಕಿತು. ಮೇಲೆ ಬಿದ್ದ ಸೇವಾಶುಲ್ಕ ಕೆಲವು ಟಿಕೆಟ್‌ಗಳ ಬೆಲೆಯಷ್ಟೇ ಆಗಿದ್ದನ್ನು ಕಂಡು ತಂಡದ ಗಾಯಕ ರಾಬರ್ಟ್ ಸ್ಮಿತ್ ಬಹಿರಂಗವಾಗಿಯೇ ಸಿಟ್ಟಾದ ಮೇಲೆ, ಟಿಕೆಟ್ ಮಾರಿದ ಟಿಕೆಟ್‌ಮಾಸ್ಟರ್ ಸಂಸ್ಥೆ ಅದರಲ್ಲೊಂದು ಸಣ್ಣ ಪಾಲನ್ನು ಹಿಂದಿರುಗಿಸಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತಿಗೆ ಇದಕ್ಕಿಂತ ಹೊಸ ಉದಾಹರಣೆ ನನಗೆ ತಿಳಿಯದು.

ಕೈಯಲ್ಲಿ ಹಣವಿಲ್ಲದ, ಆದರೆ ತಂಡದ ಪ್ರತಿ ಹಾಡೂ ಬಾಯಿಪಾಠವಿರುವ ವಿದ್ಯಾರ್ಥಿ ಮುಂದಿನ ಸಾಲಿಗೆ ಬರಲಿ ಎಂದು ಕಲಾವಿದ ಬಿಟ್ಟುಕೊಟ್ಟ ಹಣವನ್ನು ದಲ್ಲಾಳಿ ಜೇಬಿಗಿಳಿಸುತ್ತಾನೆ. ಅದರಲ್ಲಿ ಹಾಡುವವನಿಗೂ ವಾದ್ಯ ನುಡಿಸುವವನಿಗೂ ಕ್ರೀಡಾಂಗಣಕ್ಕೂ ಬಿಡಿಗಾಸು ಸೇರುವುದಿಲ್ಲ. ನಿವೇಶನವನ್ನು ಹತ್ತು ವರ್ಷ ಇಟ್ಟುಕೊಂಡು ಮಾರಬಹುದು; ಟಿಕೆಟ್ಟಿಗೆ ಒಂದೇ ಸಂಜೆಯ ಆಯಸ್ಸು, ಆದ್ದರಿಂದ ಅವನು ಮಾರುವುದು ವಸ್ತುವಿನ ಬೆಲೆಯನ್ನಲ್ಲ, ಅಭಿಮಾನಿಯ ಆತಂಕವನ್ನು. ಸಾಲದ್ದಕ್ಕೆ ಆ ಕೊರತೆಯಲ್ಲಿ ಒಂದು ಪಾಲು ಅವನೇ ಸೃಷ್ಟಿಸಿದ್ದು. ಬೆಂಗಳೂರಿನ ಕೆ.ಜಿ. ರಸ್ತೆಯ ಚಿತ್ರಮಂದಿರಗಳ ಮುಂದೆ ಮೊದಲ ದಿನ ಬ್ಲ್ಯಾಕ್ ಟಿಕೆಟ್ ಕೊಂಡ ತಲೆಮಾರಿನವನು ನಾನು. ಆಗ ಮಾರುವವನ ಮುಖವಾದರೂ ಕಾಣುತ್ತಿತ್ತು, ಪರದೆ ಏರುವ ಹೊತ್ತಾದಂತೆ ಅವನೇ ಬೆಲೆ ಇಳಿಸುತ್ತಿದ್ದ, ಚೌಕಾಸಿಗೂ ಒಗ್ಗುತ್ತಿದ್ದ.

ಕಾಳಸಂತೆಯ ಲಾಭವನ್ನು ಸಂಘಟಕರೇ ಪಡೆದರೆ ಸರಿಹೋದೀತೇ ಎಂದು ನೀವು ಮುಂದೆ ಕೇಳಬಹುದು. 2024ರ ಆಗಸ್ಟಿನಲ್ಲಿ ಬ್ರಿಟನ್ನಿನ ಓಯಸಿಸ್ ತಂಡದ ಪುನರ್ಮಿಲನ ಕಾರ್ಯಕ್ರಮಗಳ ಟಿಕೆಟ್ ಮಾರಾಟವಾದಾಗ, ಸುಮಾರು 150 ಪೌಂಡ್ ಎಂದು ನಂಬಿ ಗಂಟೆಗಟ್ಟಲೆ ಕಾದ ಅನೇಕರಿಗೆ ಸರದಿ ಬಂದಾಗ ಕಂಡದ್ದು 350 ಪೌಂಡ್ ಮೀರಿದ ಬೆಲೆ. ಅಲ್ಲಿ ಹಣ ದಲ್ಲಾಳಿಗೆ ಹೋಗಲಿಲ್ಲ, ನಿಜ. ಆದರೆ ಕಡೆಯ ಕ್ಷಣದಲ್ಲಿ ಕೊಳ್ಳುವುದೋ ಬಿಡುವುದೋ ಎಂಬ ಇಕ್ಕಟ್ಟಿಗೆ ಸಿಕ್ಕ ಅಭಿಮಾನಿಗೆ ಆ ವ್ಯತ್ಯಾಸದಿಂದ ಆದ ಸಮಾಧಾನವೇನು?

ಪ್ರಶ್ನೆ: ನಾನು ಕೊಂಡ ಎರಡು ಟಿಕೆಟ್‌ಗಳಿವೆ. ತಂದೆಯವರು ಆಸ್ಪತ್ರೆಯಲ್ಲಿರುವುದರಿಂದ ಹೋಗಲಾಗುತ್ತಿಲ್ಲ. ಬೇರೆಯವರಿಗೆ ಮಾರಿದರೆ ಅಪರಾಧವೇ? – ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮೊದಲು ಟಿಕೆಟ್ಟಿನ ಷರತ್ತುಗಳನ್ನು ಓದಿ, ಹೆಸರು ನಮೂದಿಸಿದ ಟಿಕೆಟ್‌ಗಳನ್ನು ವರ್ಗಾಯಿಸಲು ಸಂಘಟಕರ ಒಪ್ಪಿಗೆ ಬೇಕಾಗುತ್ತದೆ. ಒಪ್ಪಿಗೆ ಇದ್ದರೆ, ಕೊಂಡ ಬೆಲೆಗೇ ಪರಿಚಿತರಿಗೆ ಕೊಡುವುದರಲ್ಲಿ ನಾನು ತಪ್ಪು ಕಾಣುವುದಿಲ್ಲ. ಸಂಗೀತ ಕಾರ್ಯಕ್ರಮಗಳ ಟಿಕೆಟ್ ಮರುಮಾರಾಟಕ್ಕೆಂದೇ ರೂಪಿಸಿದ ಕೇಂದ್ರ ಕಾಯ್ದೆ ನಮ್ಮಲ್ಲಿಲ್ಲ. ಕೋಲ್ಡ್‌ಪ್ಲೇ ಪ್ರಕರಣದ ನಂತರ ಸಲ್ಲಿಕೆಯಾದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಬಾಂಬೆ ಹೈಕೋರ್ಟ್ 2025ರ ಜನವರಿಯಲ್ಲಿ ವಜಾ ಮಾಡಿ, ಇಂಥ ನಿಯಮ ರೂಪಿಸುವುದು ಶಾಸಕಾಂಗದ ಕೆಲಸವೆಂಬ ನಿಲುವು ತಳೆಯಿತು. ಜಪಾನ್ 2019ರಲ್ಲಿ, ಐರ್ಲೆಂಡ್ 2021ರಲ್ಲಿ ಮುಖಬೆಲೆಗಿಂತ ಹೆಚ್ಚಿಗೆ ಮಾರುವುದನ್ನು ನಿರ್ಬಂಧಿಸುವ ಕಾನೂನು ಜಾರಿಗೆ ತಂದವು. ನಿಮ್ಮಂಥವರನ್ನು ದಂಡಿಸದೆ ದಂಧೆಯವರನ್ನು ಮಾತ್ರ ಹಿಡಿಯಬಲ್ಲ ಗೆರೆ ಇದೇ ಎಂದು ನನ್ನ ಅಭಿಪ್ರಾಯ. ಆದರೆ ಕಾನೂನು ಬಂದ ಮಾತ್ರಕ್ಕೆ ಎಲ್ಲವೂ ನಿಲ್ಲದು: ಬಾಟ್‌ಗಳ ವಿರುದ್ಧ ಅಮೆರಿಕ 2016ರಲ್ಲೇ ಕಾಯ್ದೆ ತಂದರೂ ಅದರಡಿ ಮೊದಲ ಕ್ರಮ ಜರುಗಿದ್ದು 2021ರಲ್ಲಿ.

ಪ್ರಶ್ನೆ: ಟೆಲಿಗ್ರಾಂ ಗುಂಪೊಂದರಲ್ಲಿ ಕೊಂಡ ಟಿಕೆಟ್ ಹಿಡಿದು ಬೆಂಗಳೂರಿಗೆ ಹೋದೆ. ಅದೇ ಕ್ಯೂಆರ್ ಕೋಡ್ ತೋರಿಸಿ ಬೇರೆ ಯಾರೋ ಆಗಲೇ ಒಳಗೆ ಹೋಗಿದ್ದರು. ಹಣ ವಾಪಸು ಸಿಗುವುದೇ? – ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮಂತೆ ಮೋಸ ಹೋದವರು ಅನೇಕರಿದ್ದಾರೆ. ಕೋಲ್ಡ್‌ಪ್ಲೇ ಮತ್ತು ಪಂಜಾಬಿ ಗಾಯಕ ದಿಲ್ಜಿತ್ ದೋಸಾಂಜ್ ಕಾರ್ಯಕ್ರಮಗಳ ಟಿಕೆಟ್ ಅಕ್ರಮಗಳ ಬಗ್ಗೆ 2024ರ ಅಕ್ಟೋಬರಿನಲ್ಲಿ ಜಾರಿ ನಿರ್ದೇಶನಾಲಯ ಬೆಂಗಳೂರೂ ಸೇರಿದಂತೆ ಐದು ನಗರಗಳಲ್ಲಿ ಶೋಧ ನಡೆಸಿದಾಗ, ಇನ್‌ಸ್ಟಾಗ್ರಾಂ, ವಾಟ್ಸ್ಆ್ಯಪ್, ಟೆಲಿಗ್ರಾಂ ಮೂಲಕ ನಕಲಿ ಟಿಕೆಟ್‌ಗಳನ್ನೂ ಮಾರುತ್ತಿದ್ದುದು ಕಂಡುಬಂತು. ಒಂದೇ ಕೋಡಿನ ಚಿತ್ರವನ್ನು ಹತ್ತು ಜನರಿಗೆ ಕಳುಹಿಸಿದರೆ ಬಾಗಿಲಿಗೆ ಮೊದಲು ತಲುಪಿದವನಿಗಷ್ಟೇ ಪ್ರವೇಶ. ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಿ ಸೈಬರ್ ಅಪರಾಧದ ದೂರು ದಾಖಲಿಸಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಹಣ ಇನ್ನೂ ಅವರ ಖಾತೆಯಲ್ಲೇ ಇದ್ದರೆ ತಡೆಹಿಡಿಯುವ ಅವಕಾಶವಿದೆ. ಯುಪಿಐ ವಹಿವಾಟಿನ ಸಂಖ್ಯೆ, ಮಾರಿದವನ ಖಾತೆಯ ಹೆಸರು, ಸಂಭಾಷಣೆಯ ಪ್ರತಿಗಳು ನಿಮ್ಮ ಬಳಿ ಇರಲಿ. ಅವನು ಗುಂಪಿನಿಂದ ನಿಮ್ಮನ್ನು ಹೊರಹಾಕುವ ಮೊದಲೇ, ಇಂದೇ ಅವನ್ನು ಉಳಿಸಿಟ್ಟುಕೊಳ್ಳಿ.